ಪ್ರಕಾಶಕರಿಲ್ಲದೆ ಪುಸ್ತಕ: ಅಂತರ್ಜಾಲದಲ್ಲಿ ಕನ್ನಡ ಲೇಖಕರಿಗಿರುವ ದಾರಿಗಳು

ಹಸ್ತಪ್ರತಿ ಸಿದ್ಧವಾಗಿದೆ. ನಾಲ್ಕಾರು ಪ್ರಕಾಶಕರಿಗೆ ಕಳುಹಿಸಿಯೂ ಆಗಿದೆ. ಕೆಲವರಿಂದ ಉತ್ತರ ಬಂದಿಲ್ಲ, ಕೆಲವರು 'ಸದ್ಯಕ್ಕೆ ಕವನ ಸಂಕಲನ ತೆಗೆದುಕೊಳ್ಳುತ್ತಿಲ್ಲ' ಎಂದಿದ್ದಾರೆ, ಒಬ್ಬರು 'ಮುದ್ರಣದ ಖರ್ಚು ನೀವೇ ಕೊಡುವುದಾದರೆ ನೋಡೋಣ' ಎಂದಿದ್ದಾರೆ. ಕನ್ನಡದಲ್ಲಿ ಮೊದಲ ಪುಸ್ತಕ ತರಲು ಹೊರಟ ಬಹುಪಾಲು ಲೇಖಕರ ಅನುಭವ ಇದೇ ಆಗಿದೆ. ಈ ಹಂತದಲ್ಲಿ ಅಂತರ್ಜಾಲದ ಮೂಲಕ ಸ್ವಯಂ ಪ್ರಕಟಣೆಯ ಮಾತು ಬರುತ್ತದೆ. ಖರ್ಚಿಲ್ಲ, ಕಾಯುವುದಿಲ್ಲ, ಜಗತ್ತಿನಾದ್ಯಂತ ಓದುಗರು ಎಂಬ ಜಾಹೀರಾತುಗಳೂ ಕಣ್ಣಿಗೆ ಬೀಳುತ್ತವೆ. ಇವುಗಳಲ್ಲಿ ಅರ್ಧ ನಿಜ. ಉಳಿದರ್ಧವನ್ನು ತಿಳಿಯದೆ ಮುಂದುವರಿದವರು ಹಣವನ್ನೋ, ಕೆಲವೊಮ್ಮೆ ಪುಸ್ತಕದ ಹಕ್ಕನ್ನೋ ಕಳೆದುಕೊಳ್ಳುವ ಸಂಭವವಿದೆ.

ಲೇಖಕರೇ ಪ್ರಕಾಶಕರಾಗುವುದು ಕನ್ನಡಕ್ಕೆ ಹೊಸ ಸಂಗತಿಯೇನಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದ ಕಥೆ ಉತ್ತರ ಕರ್ನಾಟಕದಲ್ಲಿ ಇಂದಿಗೂ ಜನಜನಿತ. ಲಂಕೇಶರ ಪತ್ರಿಕೆ ಪ್ರಕಾಶನ, ರವಿ ಬೆಳಗೆರೆಯವರ ಭಾವನಾ ಪ್ರಕಾಶನ, ವಸುಧೇಂದ್ರರ ಛಂದ ಪುಸ್ತಕ ಇವೆಲ್ಲ ಲೇಖಕರೇ ಕಟ್ಟಿದ ಸಂಸ್ಥೆಗಳು. ಇಂಗ್ಲಿಷ್‌ನಲ್ಲಿ ಬರೆಯುವ ಅಮೀಶ್ ತ್ರಿಪಾಠಿ ಪ್ರಕಾಶಕರು ನಿರಾಕರಿಸಿದ ತಮ್ಮ ಮೊದಲ ಕಾದಂಬರಿಯನ್ನು 2010ರಲ್ಲಿ ಸ್ವಂತವಾಗಿ ಹೊರತಂದರು. ಬಳಿಕ ವೆಸ್ಟ್‌ಲ್ಯಾಂಡ್ ಸಂಸ್ಥೆ ಅದನ್ನು ಕೈಗೆತ್ತಿಕೊಂಡಿತು. ಇಂತಹ ಉದಾಹರಣೆ ಸಾವಿರಕ್ಕೊಂದು ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ, ಅದು ಬೇರೆ ಮಾತು.

ಮೊದಲ ಅಡ್ಡಿ ಅಕ್ಷರದ್ದೇ

ಇಂಗ್ಲಿಷ್ ಲೇಖಕರಿಗಿಲ್ಲದ ಒಂದು ತೊಡಕು ಕನ್ನಡದವರಿಗಿದೆ. ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಕಡತಗಳಲ್ಲಿ ವಾಸ್ತವವಾಗಿ ಕನ್ನಡ ಅಕ್ಷರಗಳೇ ಇರುವುದಿಲ್ಲ. ರೋಮನ್ ಸಂಕೇತಗಳಿಗೆ ಕನ್ನಡದ ವೇಷ ತೊಡಿಸಲಾಗಿರುತ್ತದೆ. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣಿಸುತ್ತದೆ. ಕಾಗದದ ಮೇಲೆ ಅಚ್ಚು ಹಾಕಲು ಇದರಿಂದ ತೊಂದರೆಯಿಲ್ಲ, ಪಿಡಿಎಫ್ ಮಾಡಿಕೊಟ್ಟರೆ ಮುದ್ರಕರಿಗೆ ಸಾಕು. ಆದರೆ ಮೊಬೈಲ್‌ನಲ್ಲಿ ಓದುವ ಇ-ಪುಸ್ತಕಕ್ಕೆ ಪಠ್ಯ ಯೂನಿಕೋಡ್‌ನಲ್ಲಿ ಇರಲೇಬೇಕು. ಇಲ್ಲವಾದರೆ ಅಕ್ಷರದ ಗಾತ್ರ ಬದಲಿಸಲಾಗದು, ಹುಡುಕಿದರೆ ಪದ ಸಿಗದು, ಮಳಿಗೆಯವರು ಕಡತವನ್ನೇ ತಿರಸ್ಕರಿಸಬಹುದು.

ಹಳೆಯ ಕಡತವನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ನುಡಿ ಮತ್ತು ಬರಹ ತಂತ್ರಾಂಶಗಳೊಡನೆಯೇ ಅಂತಹ ಸೌಲಭ್ಯವಿದೆ. ಪರಿವರ್ತನೆಯಾದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಭಾವಿಸುವುದು ತಪ್ಪು. ಅರ್ಕಾವತ್ತು ಸ್ಥಾನ ತಪ್ಪುವುದು, ಒತ್ತಕ್ಷರ ಬೇರೆಯಾಗಿ ನಿಲ್ಲುವುದು, ಉದ್ಧರಣ ಚಿಹ್ನೆಗಳು ಬೇರೆ ಅಕ್ಷರಗಳಾಗಿ ಬದಲಾಗುವುದು ಸಾಮಾನ್ಯ. 'ರ‍್ಯಾಂಕ್' ಎಂಬ ಪದ 'ರ್ಯಾಂಕ್' ಆಗಿಬಿಡುವುದು ಈ ದಾರಿಯ ಚಿರಪರಿಚಿತ ದೋಷ. ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಬಿಟ್ಟುಹೋಗುವುದೇ ಇದಕ್ಕೆ ಕಾರಣ. ಆದ್ದರಿಂದ ಪರಿವರ್ತನೆಯ ನಂತರ ಇಡೀ ಪುಸ್ತಕದ ಕರಡು ತಿದ್ದುವುದು ಅನಿವಾರ್ಯ. ತಮ್ಮದೇ ಬರಹದ ಕರಡನ್ನು ತಾವೇ ನೋಡಿದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲವೆಂಬುದು ಅಚ್ಚುಕೂಟದವರೆಲ್ಲ ಬಲ್ಲ ಸಂಗತಿ; ಮತ್ತೊಬ್ಬರಿಗೆ ಕೊಡುವುದು, ಅವರಿಗೆ ಸಲ್ಲಬೇಕಾದ ಸಂಭಾವನೆ ನೀಡುವುದು ಒಳಿತು. ಸ್ವಯಂ ಪ್ರಕಟಣೆಯಲ್ಲಿ ಎಲ್ಲಿಯಾದರೂ ಹಣ ಹಾಕಬೇಕಿದ್ದರೆ ಅದು ಇಲ್ಲಿ.

ಇ-ಪುಸ್ತಕದ ಸಾಮಾನ್ಯ ರೂಪ ಇಪಬ್. ಓದುಗರ ಪರದೆಗೆ ತಕ್ಕಂತೆ ಸಾಲುಗಳು ಮುರಿದುಕೊಳ್ಳುವುದು ಇದರ ಗುಣ. ಗೂಗಲ್ ಡಾಕ್ಸ್‌ನಲ್ಲಿರುವ ಬರಹವನ್ನು ನೇರವಾಗಿ ಇಪಬ್ ಆಗಿ ಇಳಿಸಿಕೊಳ್ಳಬಹುದು. ಹೆಚ್ಚಿನ ಒಪ್ಪ ಬೇಕೆನ್ನುವವರಿಗೆ ಸಿಜಿಲ್ ಮತ್ತು ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶಗಳಿವೆ. ಅಧ್ಯಾಯಗಳ ಹೆಸರಿಗೆ ಬರಿಯ ದಪ್ಪಕ್ಷರ ಬಳಸದೆ ಶೀರ್ಷಿಕೆಯ ಶೈಲಿಯನ್ನೇ ಆರಿಸಿದರೆ ಪರಿವಿಡಿ ತಾನಾಗಿ ಸಿದ್ಧವಾಗುತ್ತದೆ. ಅಕ್ಷರಶೈಲಿಯನ್ನು ಪುಸ್ತಕದೊಳಗೆ ಸೇರಿಸುವುದಾದರೆ ಅದರ ಪರವಾನಗಿ ಗಮನಿಸಬೇಕು. ನೋಟೊ ಸೆರಿಫ್ ಕನ್ನಡದಂತಹ ಮುಕ್ತ ಪರವಾನಗಿಯ ಅಕ್ಷರಗಳಿಗೆ ಈ ಚಿಂತೆಯಿಲ್ಲ.

ಕಿಂಡಲ್: ಕನ್ನಡಕ್ಕೆ ತೆರೆಯದ ಬಾಗಿಲು

ಸ್ವಯಂ ಪ್ರಕಟಣೆ ಎಂದೊಡನೆ ಎಲ್ಲರ ಬಾಯಲ್ಲೂ ಬರುವ ಹೆಸರು ಅಮೆಜಾನ್ ಸಂಸ್ಥೆಯ ಕಿಂಡಲ್ ಡೈರೆಕ್ಟ್ ಪಬ್ಲಿಷಿಂಗ್, ಅಂದರೆ ಕೆಡಿಪಿ. 2007ರಲ್ಲಿ ಕಿಂಡಲ್ ಸಾಧನದೊಡನೆಯೇ ಬೇರೊಂದು ಹೆಸರಿನಲ್ಲಿ ಆರಂಭವಾದ ಈ ಸೇವೆಯಲ್ಲಿ ಪುಸ್ತಕ ಏರಿಸಲು ಶುಲ್ಕವಿಲ್ಲ. ಗೌರವಧನ ಎರಡು ಬಗೆ: ಶೇ. 35 ಮತ್ತು ಶೇ. 70. ಎರಡನೆಯದು ಕೇಳಲು ಚೆಂದ, ಆದರೆ ಅದಕ್ಕೆ ಬೆಲೆಯ ಮಿತಿಯಿದೆ, ಕಡತದ ಗಾತ್ರಕ್ಕೆ ತಕ್ಕಂತೆ ರವಾನೆ ವೆಚ್ಚ ಕಳೆಯಲಾಗುತ್ತದೆ. ಭಾರತದ ಗ್ರಾಹಕರಿಗೆ ಮಾರಿದ ಪ್ರತಿಗಳಿಗೆ ಶೇ. 70 ಬೇಕಾದರೆ ಕೆಡಿಪಿ ಸೆಲೆಕ್ಟ್ ಎಂಬ ಯೋಜನೆಗೆ ಪುಸ್ತಕ ಸೇರಿಸಬೇಕೆಂಬ ನಿಯಮವನ್ನೂ ಸಂಸ್ಥೆ ಇಟ್ಟಿದೆ. ಸೇರಿದರೆ 90 ದಿನಗಳ ಅವಧಿಗೆ ಆ ಇ-ಪುಸ್ತಕವನ್ನು ಬೇರೆಲ್ಲೂ ಮಾರುವಂತಿಲ್ಲ, ಉಚಿತವಾಗಿ ಹಂಚುವಂತೆಯೂ ಇಲ್ಲ. ಅವಧಿ ಮುಗಿದಾಗ ಲೇಖಕರು ಬೇಡವೆಂದು ಗುರುತು ಹಾಕದಿದ್ದರೆ ತಾನಾಗಿ ಮುಂದಿನ 90 ದಿನಗಳಿಗೆ ವಿಸ್ತರಣೆಯಾಗುತ್ತದೆ. ಕಥೆಯನ್ನು ಮೊದಲೇ ಬೇರೆ ತಾಣದಲ್ಲಿ ಕಂತುಗಳಲ್ಲಿ ಪ್ರಕಟಿಸಿದವರು ಇಲ್ಲಿ ಎಚ್ಚರದಿಂದಿರಬೇಕು.

ಇಷ್ಟೆಲ್ಲ ಇದ್ದರೂ ಕನ್ನಡಿಗರಿಗೆ ಮುಖ್ಯವಾದ ಪ್ರಶ್ನೆ ಬೇರೆ. 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಕಿಂಡಲ್‌ಗೆ ಐದು ಭಾರತೀಯ ಭಾಷೆಗಳನ್ನು ಸೇರಿಸಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ ಮತ್ತು ಮಲಯಾಳಂ. ಕನ್ನಡಕ್ಕೆ ಆ ಪಟ್ಟಿಯಲ್ಲಿ ಸ್ಥಾನ ಸಿಗಲಿಲ್ಲ. ತೆಲುಗು, ಬಂಗಾಳಿಗಳಿಗೂ ಸಿಗಲಿಲ್ಲ. ಪಟ್ಟಿಯಲ್ಲಿಲ್ಲದ ಭಾಷೆಯ ಪುಸ್ತಕವನ್ನು ಬೇರೆ ಭಾಷೆಯ ಹೆಸರು ಕೊಟ್ಟು ಏರಿಸುವ ಉಪಾಯ ಹೂಡಿದರೆ ಪುಸ್ತಕ ಮಳಿಗೆಯಿಂದ ಹೊರಬೀಳುವ ಅಪಾಯವಿದೆ, ಖಾತೆಗೇ ಕುತ್ತು ಬರಬಹುದು. ಹಸ್ತಪ್ರತಿಯನ್ನು ಕಿಂಡಲ್‌ಗೆಂದು ಅಣಿಗೊಳಿಸುವ ಮೊದಲು ಕೆಡಿಪಿಯ ಸಹಾಯ ಪುಟದಲ್ಲಿ ಆ ದಿನದ ಭಾಷಾ ಪಟ್ಟಿ ನೋಡಿಕೊಳ್ಳುವುದು ಜಾಣತನ. ತಮ್ಮ ಕೃತಿಯ ಇಂಗ್ಲಿಷ್ ಅಥವಾ ಹಿಂದಿ ಅನುವಾದ ಇಟ್ಟುಕೊಂಡ ಕನ್ನಡ ಲೇಖಕರಿಗೆ ಈ ದಾರಿ ಮುಕ್ತವಾಗಿದೆ. ಅಮೆರಿಕದಲ್ಲಿ ಮಾರಾಟವಾದ ಪ್ರತಿಗಳ ಗೌರವಧನಕ್ಕೆ ಅಲ್ಲಿಯ ತೆರಿಗೆ ಕಡಿತವಿದೆ. ಖಾತೆ ತೆರೆಯುವಾಗ ಕೇಳುವ ತೆರಿಗೆ ಪ್ರಶ್ನಾವಳಿಯಲ್ಲಿ ಪ್ಯಾನ್ ಸಂಖ್ಯೆ ನೀಡಿ ಉಭಯ ದೇಶಗಳ ಒಪ್ಪಂದದ ಲಾಭ ಕೋರಿದರೆ ಶೇ. 30ರ ಬದಲು ಶೇ. 15ರಷ್ಟು ಮಾತ್ರ ಕಡಿತವಾಗುತ್ತದೆ. ಅವಸರದಲ್ಲಿ ಈ ಪುಟ ದಾಟಿ ಹೋದರೆ ನಷ್ಟ ಲೇಖಕರದ್ದೇ.

ಗೂಗಲ್ ಪ್ಲೇ, ಪ್ರತಿಲಿಪಿ ಮತ್ತಿತರರು

ಕನ್ನಡ ಇ-ಪುಸ್ತಕಕ್ಕೆ ಸದ್ಯ ಹೆಚ್ಚು ನೇರವಾದ ಮಾರುಕಟ್ಟೆ ಗೂಗಲ್ ಪ್ಲೇ ಬುಕ್ಸ್. ಕನ್ನಡ ಪುಸ್ತಕಗಳು ಅಲ್ಲಿ ಹಲವು ವರ್ಷಗಳಿಂದ ಮಾರಾಟಕ್ಕಿವೆ. ಆಂಡ್ರಾಯ್ಡ್ ಮೊಬೈಲ್ ಹಿಡಿದವರಿಗೆ ಪ್ರತ್ಯೇಕ ಸಾಧನ ಬೇಕಿಲ್ಲ. ಲೇಖಕರು ಗೂಗಲ್‌ನ ಪಾಲುದಾರ ಕೇಂದ್ರದಲ್ಲಿ ಖಾತೆ ತೆರೆದು ಇಪಬ್ ಅಥವಾ ಪಿಡಿಎಫ್ ಏರಿಸಬಹುದು. ಐಎಸ್‌ಬಿಎನ್ ಇಲ್ಲದ ಪುಸ್ತಕಕ್ಕೆ ಗೂಗಲ್ ತನ್ನದೇ ಗುರುತುಸಂಖ್ಯೆ ಕೊಡುತ್ತದೆ. ಇಲ್ಲಿ ಮತ್ತೆಲ್ಲೂ ಮಾರಬಾರದೆಂಬ ಕಟ್ಟುಪಾಡಿಲ್ಲ. ಪುಸ್ತಕದ ಎಷ್ಟು ಭಾಗವನ್ನು ಓದುಗರಿಗೆ ಮಾದರಿಯಾಗಿ ತೋರಿಸಬೇಕೆಂಬುದನ್ನೂ ಲೇಖಕರೇ ನಿರ್ಧರಿಸಬಹುದು. ಕೊರತೆಯೆಂದರೆ, ಪುಸ್ತಕ ಏರಿಸಿದ ಬಳಿಕ ಅದನ್ನು ಓದುಗರ ಕಣ್ಣಿಗೆ ಬೀಳಿಸುವ ಹೊಣೆ ಪೂರ್ತಿ ಲೇಖಕರ ಮೇಲೆಯೇ ಬೀಳುತ್ತದೆ.

ಓದುಗರು ಮೊದಲೇ ಸೇರಿರುವ ಸ್ಥಳ ಬೇಕೆನ್ನುವವರಿಗೆ ಪ್ರತಿಲಿಪಿ ಇದೆ. 2014ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ವೇದಿಕೆ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ನಡೆಯುತ್ತಿದೆ. ಧಾರಾವಾಹಿ ಕಾದಂಬರಿಗಳಿಗೆ ಇಲ್ಲಿ ದೊಡ್ಡ ಓದುಗ ಬಳಗವಿದೆ. ಹಿಂದೆ ವಾರಪತ್ರಿಕೆಗಳ ಧಾರಾವಾಹಿಗೆ ಕಾಯುತ್ತಿದ್ದವರ ಮುಂದಿನ ತಲೆಮಾರು ಇಲ್ಲಿ ಕಂತಿಗಾಗಿ ಕಾಯುತ್ತಿದೆಯೆಂದರೂ ಸಲ್ಲುತ್ತದೆ. ಪ್ರಕಟಣೆ ಉಚಿತ, ಕೃತಿಸ್ವಾಮ್ಯ ಲೇಖಕರಲ್ಲೇ ಉಳಿಯುತ್ತದೆ. ಚಂದಾ ಹಾಗೂ ಓದುಗರ ಕಾಣಿಕೆಯಿಂದ ಕೆಲವರಿಗೆ ಆದಾಯವೂ ಬರುತ್ತದೆ. ಆದರೆ ಅಲ್ಲಿ ಗೆಲ್ಲುವುದು ಪ್ರೇಮ, ಸಂಸಾರ, ರೋಚಕ ಕಥೆಗಳ ದೀರ್ಘ ಸರಣಿ. ಪ್ರಬಂಧ ಸಂಕಲನ, ಸ್ಥಳೀಯ ಇತಿಹಾಸ, ವಿಮರ್ಶೆ ಬರೆದವರಿಗೆ ಅದು ಸೂಕ್ತ ಸಂತೆಯಲ್ಲ. ಧ್ವನಿರೂಪಕ್ಕೋ ಚಿತ್ರಕಥೆಗೋ ಕೃತಿ ಕೇಳಿ ಪ್ರತ್ಯೇಕ ಕರಾರು ಬಂದರೆ ಅದನ್ನು ಪ್ರತ್ಯೇಕವಾಗಿಯೇ ಓದಿ ಸಹಿ ಹಾಕಬೇಕು.

ಕನ್ನಡಕ್ಕೆಂದೇ ಇರುವ ಮೈಲ್ಯಾಂಗ್, ವಿವಿಡ್‌ಲಿಪಿಗಳಂತಹ ತಾಣಗಳು ಇ-ಪುಸ್ತಕ ಹಾಗೂ ಕೇಳುಪುಸ್ತಕಗಳನ್ನು ಮಾರುತ್ತವೆ. ಇವು ತಾವೇ ಏರಿಸಿಕೊಳ್ಳುವ ಯಂತ್ರಗಳಿಗಿಂತ ಪ್ರಕಾಶಕರಿಗೆ ಹತ್ತಿರ. ಲೇಖಕರು ಅವರನ್ನು ಸಂಪರ್ಕಿಸಿ ಒಪ್ಪಂದ ಮಾಡಿಕೊಳ್ಳಬೇಕಾಗುತ್ತದೆ.

ಹಣದ ಆಸೆಯಿಲ್ಲ, ಬರೆದದ್ದು ಉಳಿದರೆ ಸಾಕು ಎನ್ನುವವರೂ ಕಡಿಮೆಯಿಲ್ಲ. ನಿವೃತ್ತ ಅಧ್ಯಾಪಕರ ಊರ ಚರಿತ್ರೆ, ಮನೆತನದ ನೆನಪುಗಳು, ಜನಪದ ಹಾಡುಗಳ ಸಂಗ್ರಹ ಈ ಬಗೆಯವು. ಇಂತಹ ಕೃತಿಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಇಡಬಹುದು. ಕಾದಂಬರಿಕಾರ ನಿರಂಜನರ ಕೃತಿಗಳನ್ನು ಅವರ ಕುಟುಂಬ 2014ರಲ್ಲಿ ಇದೇ ಬಗೆಯ ಪರವಾನಗಿಯಲ್ಲಿ ಬಿಡುಗಡೆ ಮಾಡಿದ್ದು ಕನ್ನಡದಲ್ಲಿ ಗಮನಾರ್ಹ ನಿದರ್ಶನ. ಒಮ್ಮೆ ನೀಡಿದ ಮುಕ್ತ ಪರವಾನಗಿಯನ್ನು ಹಿಂದಕ್ಕೆ ಪಡೆಯಲಾಗದೆಂಬುದು ಮಾತ್ರ ನೆನಪಿರಬೇಕು.

ಕಾಗದದ ಪುಸ್ತಕವೇ ಬೇಕೆಂದರೆ

ಕನ್ನಡದ ಬಹುಪಾಲು ಲೇಖಕರಿಗೆ ಪುಸ್ತಕವೆಂದರೆ ಇಂದಿಗೂ ಕೈಯಲ್ಲಿ ಹಿಡಿಯುವ ವಸ್ತು. ಅದಕ್ಕಿರುವ ದಾರಿ 'ಬೇಡಿಕೆಗೆ ತಕ್ಕ ಮುದ್ರಣ'. ಆಫ್‌ಸೆಟ್ ಯಂತ್ರದಲ್ಲಿ ಐನೂರೋ ಸಾವಿರವೋ ಪ್ರತಿ ತೆಗೆದರಷ್ಟೇ ತಲಾ ವೆಚ್ಚ ಇಳಿಯುತ್ತದೆ. ಮಾರಾಟವಾಗದ ಪ್ರತಿಗಳು ಮಂಚದ ಕೆಳಗೆ ಸೇರುತ್ತವೆ. ಡಿಜಿಟಲ್ ಮುದ್ರಣದಲ್ಲಿ ಓದುಗರು ಕೇಳಿದಾಗ ಒಂದೇ ಪ್ರತಿ ಅಚ್ಚು ಹಾಕಿ ಕಳುಹಿಸಬಹುದು. ಬೆಂಗಳೂರಿನ ಪೋಥಿ ಡಾಟ್ ಕಾಮ್ 2008ರಿಂದ ಈ ಸೇವೆ ನೀಡುತ್ತಿದೆ. 2012ರಲ್ಲಿ ಆರಂಭವಾದ ಚೆನ್ನೈನ ನೋಷನ್ ಪ್ರೆಸ್ ಮತ್ತೊಂದು ದೊಡ್ಡ ಹೆಸರು. ಸಿದ್ಧ ಪಿಡಿಎಫ್ ಕೊಟ್ಟರೆ ಭಾಷೆ ಯಾವುದಾದರೂ ಅಚ್ಚಿಗೆ ತೊಡಕಿಲ್ಲ. ಹಳೆಯ ನುಡಿ ಕಡತಗಳಿಗೂ ಇಲ್ಲಿ ಗತಿಯಿದೆ.

ಇಲ್ಲಿ ಲೆಕ್ಕ ಸ್ವಲ್ಪ ಕಟುವಾಗಿದೆ. ಒಂದೊಂದೇ ಪ್ರತಿ ಮುದ್ರಿಸುವ ವೆಚ್ಚ ಆಫ್‌ಸೆಟ್‌ಗಿಂತ ಹೆಚ್ಚು. ಅದರ ಮೇಲೆ ಮಳಿಗೆಯ ಪಾಲು, ಅಂಚೆ ವೆಚ್ಚ, ಲೇಖಕರ ಗೌರವಧನ ಸೇರಿದಾಗ ಮುಖಬೆಲೆ ಅಂಗಡಿಯ ಅದೇ ಗಾತ್ರದ ಕನ್ನಡ ಪುಸ್ತಕಕ್ಕಿಂತ ಮೇಲೇರುತ್ತದೆ. ಕನ್ನಡ ಓದುಗರು ಬೆಲೆಯ ವಿಷಯದಲ್ಲಿ ಎಷ್ಟು ಸೂಕ್ಷ್ಮವೆಂಬುದು ಪುಸ್ತಕ ಮೇಳಗಳಿಗೆ ಹೋದವರಿಗೆಲ್ಲ ಗೊತ್ತು. ಬಂಧುಮಿತ್ರರ ವಲಯ, ಪರಊರಿನಲ್ಲಿರುವ ಓದುಗರು, ಮುಗಿದುಹೋದ ಹಳೆಯ ಪುಸ್ತಕದ ಮರುಮುದ್ರಣ, ಇವಕ್ಕೆ ಈ ಪದ್ಧತಿ ಹೇಳಿ ಮಾಡಿಸಿದಂತಿದೆ. ಇನ್ನೂರು ಮುನ್ನೂರು ಪ್ರತಿ ಖಂಡಿತ ಹೋಗುತ್ತದೆ ಎಂಬ ಭರವಸೆಯಿದ್ದವರು ಊರಿನ ಮುದ್ರಣಾಲಯದಲ್ಲೂ ದರ ಕೇಳಿ ನೋಡುವುದು ಲೇಸು.

'ಪ್ಯಾಕೇಜ್' ಎಂಬ ಬಲೆ

ಉಚಿತ ಸೇವೆಯ ಪಕ್ಕದಲ್ಲೇ ಹಣ ಕೊಟ್ಟು ಪಡೆಯುವ ಪ್ಯಾಕೇಜುಗಳ ಮಾರಾಟ ಜೋರಾಗಿ ನಡೆಯುತ್ತದೆ. ಮುಖಪುಟ, ಸಂಪಾದನೆ, ಪ್ರಚಾರ, ಪ್ರಶಸ್ತಿ, 'ಬೆಸ್ಟ್ ಸೆಲ್ಲರ್' ಪಟ್ಟ ಎಲ್ಲವೂ ಒಂದೇ ಮೊತ್ತಕ್ಕೆ ಎಂದು ದೂರವಾಣಿ ಕರೆಗಳು ಬರುತ್ತವೆ. ಮುಖಪುಟ ಮತ್ತು ಸಂಪಾದನೆಗೆ ಹಣ ಕೊಡುವುದರಲ್ಲಿ ತಪ್ಪಿಲ್ಲ. ಸಂಪಾದಕರು ಯಾರು, ಅವರಿಗೆ ಕನ್ನಡ ಬರುತ್ತದೆಯೇ ಎಂದು ಕೇಳಿದರೆ ಅನೇಕ ಕಡೆ ಮಾತು ತಡವರಿಸುತ್ತದೆ. ಪ್ರಚಾರವೆಂದರೆ ಸಾಮಾಜಿಕ ಜಾಲತಾಣದಲ್ಲಿ ಎರಡು ಚಿತ್ರ ಹಾಕುವುದಷ್ಟೇ ಆಗಿರಬಹುದು. ಪ್ರಶಸ್ತಿಗೆ ಶುಲ್ಕ ಕೇಳಿದರೆ ಅದು ಪ್ರಶಸ್ತಿಯಲ್ಲ.

ಹಣಕ್ಕಿಂತ ದೊಡ್ಡ ಗಂಡಾಂತರ ಕರಾರಿನಲ್ಲಿರುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ಲೇಖಕರದು. ಲೇಖಕರ ಜೀವಿತಾವಧಿ ಮತ್ತು ನಂತರದ 60 ವರ್ಷ ಅದು ಉಳಿಯುತ್ತದೆ. ನೋಂದಣಿ ಕಡ್ಡಾಯವಲ್ಲ. ವ್ಯಾಜ್ಯ ಬಂದಾಗ ಪುರಾವೆಗೆ ಅನುಕೂಲವೆಂದು ಬಯಸುವವರು ಮಾತ್ರ ಕೃತಿಸ್ವಾಮ್ಯ ಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ಹಕ್ಕನ್ನು ಮತ್ತೊಬ್ಬರಿಗೆ ವಹಿಸುವುದಾದರೆ ಅದು ಲಿಖಿತವಾಗಿ, ಸಹಿಯೊಡನೆ ಇರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎಂದೂ ಕಾಯಿದೆಯ 19ನೇ ಕಲಮು ಹೇಳುತ್ತದೆ. ಹಕ್ಕು ಪಡೆದವರು ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದಲ್ಲಿ, ಆ ಹಕ್ಕು ರದ್ದಾಗುತ್ತದೆ. 'ಬೇರೆ ರೀತಿ ಬರೆದಿಲ್ಲದಿದ್ದಲ್ಲಿ' ಎಂಬ ಮಾತೇ ಇಲ್ಲಿ ಕೀಲಿಕೈ. ಮುದ್ರಣ, ಇ-ಪುಸ್ತಕ, ಧ್ವನಿ, ಅನುವಾದ, ಚಲನಚಿತ್ರ ಎಲ್ಲವನ್ನೂ ಒಂದೇ ವಾಕ್ಯದಲ್ಲಿ ಶಾಶ್ವತವಾಗಿ ಬರೆಸಿಕೊಳ್ಳುವ ಕರಾರು ಕಂಡರೆ ಸಹಿ ಹಾಕುವ ಮೊದಲು ವಕೀಲರಿಗೆ ತೋರಿಸಬೇಕು. ಹಣ ಕೊಡುವವರು ಲೇಖಕರೇ ಆಗಿರುವಾಗ ಹಕ್ಕನ್ನೂ ಅವರೇ ಬಿಟ್ಟುಕೊಡುವುದಕ್ಕೆ ಯಾವ ಕಾರಣವೂ ಇಲ್ಲ.

ಈಗಾಗಲೇ ಹಳೆಯ ಪ್ರಕಾಶಕರ ಮೂಲಕ ಬಂದ ಪುಸ್ತಕವನ್ನು ಇ-ಪುಸ್ತಕವಾಗಿಸಲು ಹೊರಟವರು ಮೂಲ ಒಪ್ಪಂದ ತೆಗೆದು ನೋಡುವುದು ಅಗತ್ಯ. ಒಪ್ಪಂದವೇ ಇಲ್ಲದೆ ಬಾಯಿಮಾತಿನಲ್ಲಿ ನಡೆದ ಪ್ರಕಟಣೆಗಳು ಕನ್ನಡದಲ್ಲಿ ಹೇರಳ. ಅಂತಹ ಕಡೆ ಹಕ್ಕು ಲೇಖಕರಲ್ಲೇ ಉಳಿದಿರುವ ಸಾಧ್ಯತೆ ಹೆಚ್ಚು. ಆದರೂ ಪ್ರಕಾಶಕರಿಗೆ ಒಂದು ಪತ್ರ ಬರೆದು ತಿಳಿಸುವುದು ಸೌಜನ್ಯವೂ ಹೌದು, ಮುಂದಿನ ಜಗಳ ತಪ್ಪಿಸುವ ಉಪಾಯವೂ ಹೌದು. ಮುಖಪುಟದ ಚಿತ್ರ ಮತ್ತು ಪುಟವಿನ್ಯಾಸ ಬೇರೆಯವರ ಸ್ವತ್ತಾಗಿರಬಹುದು. ಅವನ್ನು ಹಾಗೆಯೇ ಬಳಸಬಾರದು.

ಐಎಸ್‌ಬಿಎನ್ ಮತ್ತು ಸರ್ಕಾರಿ ಕಾಗದಗಳು

ಐಎಸ್‌ಬಿಎನ್ ಕೊಡಿಸುತ್ತೇವೆಂದು ಹಣ ಕೇಳುವವರಿದ್ದಾರೆ. ಭಾರತದಲ್ಲಿ ಇದು ಉಚಿತ. ಕೇಂದ್ರ ಶಿಕ್ಷಣ ಸಚಿವಾಲಯದಡಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಈ ಸಂಖ್ಯೆಗಳನ್ನು ನೀಡುತ್ತದೆ. 2016ರಿಂದ ಅರ್ಜಿ ಅಂತರ್ಜಾಲದ ಮೂಲಕವೇ ಸಲ್ಲಿಕೆಯಾಗುತ್ತಿದೆ. ಲೇಖಕರು ಪ್ರಕಾಶನ ಸಂಸ್ಥೆ ಹೊಂದಿರಲೇಬೇಕೆಂದಿಲ್ಲ, ವೈಯಕ್ತಿಕವಾಗಿಯೂ ಅರ್ಜಿ ಹಾಕಬಹುದು. 13 ಅಂಕಿಗಳ ಈ ಸಂಖ್ಯೆ ಭಾರತದ ಪುಸ್ತಕಗಳಲ್ಲಿ 978-81 ಅಥವಾ 978-93 ಎಂದು ಆರಂಭವಾಗುತ್ತದೆ. ಮುದ್ರಿತ ರೂಪಕ್ಕೆ ಒಂದು, ಇಪಬ್‌ಗೆ ಇನ್ನೊಂದು ಸಂಖ್ಯೆ ಬೇಕು. ಸಂಖ್ಯೆ ಬರಲು ಸಮಯ ಹಿಡಿಯುವುದರಿಂದ ಬಿಡುಗಡೆ ಸಮಾರಂಭದ ಆಮಂತ್ರಣ ಅಚ್ಚು ಹಾಕಿಸುವ ಮೊದಲೇ ಅರ್ಜಿ ಹಾಕಿರಬೇಕು! ವೇದಿಕೆಯವರು ತಾವೇ ಸಂಖ್ಯೆ ಕೊಟ್ಟರೆ ದಾಖಲೆಯಲ್ಲಿ ಪ್ರಕಾಶಕರಾಗಿ ಅವರ ಹೆಸರೇ ಬರುತ್ತದೆ.

ಮುದ್ರಿತ ಪುಸ್ತಕ ತಂದ ಲೇಖಕರು ಕಾನೂನಿನ ಕಣ್ಣಿಗೆ ಪ್ರಕಾಶಕರೂ ಆಗುತ್ತಾರೆ. 1954ರ ಪುಸ್ತಕ ಸಲ್ಲಿಕೆ ಕಾಯಿದೆಯಂತೆ ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈ, ಮುಂಬೈ, ದೆಹಲಿಗಳ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳುಹಿಸಬೇಕು. ಬಹುತೇಕರು ಇದನ್ನು ಮರೆಯುತ್ತಾರೆ. ಕಾನೂನಿನ ಮಾತು ಹಾಗಿರಲಿ, ಲೇಖಕರ ಮನೆಯ ಕಪಾಟು ಗೆದ್ದಲು ಹಿಡಿದ ಮೇಲೂ ಪುಸ್ತಕದ ಒಂದು ಪ್ರತಿ ಎಲ್ಲೋ ಉಳಿದಿರುತ್ತದೆ ಎಂಬುದು ಸಣ್ಣ ಲಾಭವಲ್ಲ.

ಮುದ್ರಿತ ಪುಸ್ತಕಗಳಿಗೆ ಜಿಎಸ್‌ಟಿ ಇಲ್ಲ. ಇ-ಪುಸ್ತಕದ ತೆರಿಗೆಯನ್ನು 2018ರ ಜುಲೈನಲ್ಲಿ ಶೇ. 18ರಿಂದ ಶೇ. 5ಕ್ಕೆ ಇಳಿಸಲಾಯಿತಾದರೂ ಆ ರಿಯಾಯಿತಿ ಮುದ್ರಿತ ರೂಪವೂ ಇರುವ ಪುಸ್ತಕಕ್ಕೆ ಮಾತ್ರ ಅನ್ವಯವಾಗುವಂತೆ ಇತ್ತು. ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಕನ್ನಡ ಪ್ರಕಾಶನದ ಬೆನ್ನೆಲುಬು ಎನ್ನಬಹುದು. ಸ್ವಂತ ಪ್ರಕಟಣೆಯವರು ಅರ್ಜಿ ಹಾಕುವ ಯೋಚನೆಯಿದ್ದರೆ ಆಯಾ ವರ್ಷದ ಪ್ರಕಟಣೆಯ ನಿಯಮಗಳನ್ನು ಪುಸ್ತಕ ಅಚ್ಚಿಗೆ ಹೋಗುವ ಮೊದಲೇ ಓದಿಕೊಳ್ಳಬೇಕು. ಮೊದಲ ಪುಸ್ತಕ ತರುವ ಯುವ ಬರಹಗಾರರಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಯೋಜನೆಯೊಂದಿದೆ. ಪ್ಯಾಕೇಜಿಗೆ ಹಣ ಕಟ್ಟುವ ಮುನ್ನ ಅದರ ಅರ್ಜಿ ಕರೆದಿದ್ದಾರೆಯೇ ಎಂದು ವಿಚಾರಿಸುವುದು ಉತ್ತಮ.

ಅಂಗಡಿ ಮುಚ್ಚಿದರೆ?

ಅಂತರ್ಜಾಲದ ಮಳಿಗೆಗಳೂ ಮುಚ್ಚುತ್ತವೆ. ಬೆಂಗಳೂರಿನ ಫ್ಲಿಪ್‌ಕಾರ್ಟ್ 2012ರಲ್ಲಿ ಆರಂಭಿಸಿದ ಇ-ಪುಸ್ತಕ ಮಾರಾಟವನ್ನು 2015ರ ಕೊನೆಗೆ ನಿಲ್ಲಿಸಿತು. ಲೇಖಕರು ಮುದ್ರಿತ ಪುಸ್ತಕಕ್ಕೆ ನೆಚ್ಚಿಕೊಂಡಿದ್ದ ಅಮೆಜಾನ್‌ನ ಕ್ರಿಯೇಟ್‌ಸ್ಪೇಸ್ 2018ರಲ್ಲಿ ಕೆಡಿಪಿಯೊಳಗೆ ವಿಲೀನವಾಯಿತು. ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದಂಗಡಿಯನ್ನು 2019ರಲ್ಲಿ ಮುಚ್ಚಿದಾಗ ಕೊಂಡವರ ಪುಸ್ತಕಗಳೂ ಕಣ್ಮರೆಯಾದವು, ಹಣ ಮರಳಿಸಲಾಯಿತು. ಆದ್ದರಿಂದ ಯೂನಿಕೋಡ್‌ನಲ್ಲಿರುವ ಮೂಲ ಪಠ್ಯ, ಇಪಬ್ ಕಡತ, ಅಚ್ಚಿಗೆ ಕಳುಹಿಸಿದ ಪಿಡಿಎಫ್, ಮುಖಪುಟದ ದೊಡ್ಡ ಚಿತ್ರ ಮತ್ತು ಅದರ ಕಲಾವಿದರು ಕೊಟ್ಟ ಒಪ್ಪಿಗೆ ಪತ್ರ, ಐಎಸ್‌ಬಿಎನ್ ದಾಖಲೆ ಹಾಗೂ ಸಹಿ ಹಾಕಿದ ಕರಾರುಗಳನ್ನು ಲೇಖಕರು ತಮ್ಮ ಬಳಿಯೇ ಎರಡು ಕಡೆ ಇಟ್ಟುಕೊಳ್ಳಬೇಕು. ಖಾತೆಯ ಗುಪ್ತಪದ ಮನೆಯ ಇನ್ನೊಬ್ಬರಿಗೂ ತಿಳಿದಿರಲಿ. ಹಕ್ಕು ಲೇಖಕರ ನಂತರವೂ 60 ವರ್ಷ ಇರುತ್ತದೆ. ಅದನ್ನು ನಡೆಸಬೇಕಾದವರು ಅವರೇ.